ಕಡಲ ತಳದಿಂದ ಶಿರಾಡಿಯ ಏರಿಗೆ

ಸಕಲೇಶಪುರದಿಂದ ಮಂಗಳೂರಿಗೆ ಇಳಿಯುವಾಗ ದೋಣಿಗಲ್ ದಾಟಿ ಮಾರನಹಳ್ಳಿ ಹತ್ತಿರವಾಗುತ್ತಿದ್ದಂತೆ ಅನೇಕರಿಗೆ ಕಿವಿ ಕಟ್ಟುತ್ತದೆ. ಉಗುಳು ನುಂಗಿದರೆ ಟಪ್ಪೆಂದು ಬಿಡುತ್ತದೆ. ಸಕಲೇಶಪುರ ಇರುವುದು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ನೂರಕ್ಕೆ ಹತ್ತು ಪಾಲಿನಷ್ಟು ಕಡಿಮೆ. ಇಡೀ ಶಿರಾಡಿ ಘಾಟಿ ಇಳಿದಾಗ ಕಿವಿಯ ಮೇಲೆ ಎಷ್ಟು ಒತ್ತಡ ಏರುತ್ತದೋ, ಕಡಲಿನಲ್ಲಿ ಒಂದು ಮೀಟರಿಗಿಂತ ತುಸು ಆಳಕ್ಕೆ ಹೋದರೆ ಅಷ್ಟೇ ಏರುತ್ತದೆ. ಹತ್ತು ಮೀಟರ್ ಇಳಿದರಂತೂ ಒತ್ತಡ ಎರಡು ಪಟ್ಟು, ಇಪ್ಪತ್ತಕ್ಕೆ ಮೂರು ಪಟ್ಟು.

ಈ ಲೆಕ್ಕ ತಿಳಿದರೆ ನೀರಿನೊಳಗೆ ಉಸಿರಾಡಲು ಬಳಸುವ ಸ್ಕೂಬಾ ಎಂಬ ಯಂತ್ರ ಅರ್ಥವಾಗುತ್ತದೆ. ಮಲೆನಾಡಿನಿಂದ ಕಡಲಿಗೆ ಮುಳುಗಲು ಹೋಗುವವರು ಮನೆಗೆ ಯಾವಾಗ ಹೊರಡಬೇಕು ಎಂಬುದೂ ಇದರಿಂದಲೇ ತಿಳಿಯುತ್ತದೆ.

ಇದೇ ಘಾಟಿಯ ಎತ್ತಿನಹೊಳೆ, ಕೆಂಪುಹೊಳೆಗಳ ನೀರು ಗುಂಡ್ಯ ಹೊಳೆಯ ಮೂಲಕ ಕುಮಾರಧಾರೆಗೆ ಬಂದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಉಳ್ಳಾಲದ ಪಕ್ಕದಲ್ಲಿ ಕಡಲು ಸೇರುತ್ತದೆ. ಅದೇ ಉಳ್ಳಾಲದ ಬಟ್ಟಪ್ಪಾಡಿಯ ಎದುರು 2022ರ ಜೂನ್‌ನಲ್ಲಿ 'ಪ್ರಿನ್ಸೆಸ್ ಮಿರಾಲ್' ಎಂಬ ಸರಕು ಹಡಗು ಮುಳುಗಿತು. ಚೀನಾದ ತಿಯಾಂಜಿನ್‌ನಿಂದ ಲೆಬನಾನ್‌ಗೆ ಸುಮಾರು 8,000 ಟನ್ ಉಕ್ಕಿನ ಸುರುಳಿ ಹೊತ್ತು ಹೊರಟಿತ್ತು. ಒಡಲು ತೂತಾಗಿ ನೀರು ನುಗ್ಗಿತು. ಸಿರಿಯಾದ 15 ನಾವಿಕರನ್ನೂ ನಮ್ಮ ಕರಾವಳಿ ಕಾವಲು ಪಡೆ ಜೀವಂತ ಉಳಿಸಿತು. ಅಲೆ ಹೊಡೆಯುವ ದಂಡೆಗೆ ಅಷ್ಟು ಹತ್ತಿರದ, ಭಾರದ ಸರಕು ತುಂಬಿದ ಹಡಗಿನ ಬಳಿ ಹವ್ಯಾಸಿಗಳಿಗೆ ಕೆಲಸವಿಲ್ಲ. ಮುಳುಗುವ ಆಸೆಯುಳ್ಳವರು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುತ್ತಾರೆ. ಹಡಗನ್ನೇ ನೋಡಬೇಕೆಂಬವರು ಕಾರವಾರ ದಾಟಿ ಗೋವಾದ ಗ್ರಾಂಡೆ ದ್ವೀಪಕ್ಕೆ ಹೋಗುತ್ತಾರೆ. ಅಲ್ಲಿ 'ಸೂಸೀಸ್ ರೆಕ್' ಎಂದು ಡೈವರ್‌ಗಳು ಕರೆಯುವ ಹಳೆಯ ಹಡಗೊಂದು ಹೆಚ್ಚು ಆಳವಿಲ್ಲದ ನೀರಿನಲ್ಲಿ ಚೂರುಚೂರಾಗಿ ಬಿದ್ದಿದೆ. ಮರಳು ತುಂಬಿದ ಕಡಲ ತಳದಲ್ಲಿ ಅಂಟಿಕೊಳ್ಳಲು ಗಟ್ಟಿ ನೆಲೆ ಸಿಗುವುದು ಅಪರೂಪ. ಹಾಗಾಗಿ ಕಬ್ಬಿಣ ಬಿದ್ದಲ್ಲಿ ಮೊದಲು ಪಾಚಿ, ಕಲ್ಲುಚಿಪ್ಪು, ಸ್ಪಂಜುಗಳು ಹತ್ತುತ್ತವೆ. ಅವುಗಳ ಹಿಂದೆ ಸಣ್ಣ ಮೀನು, ಸಣ್ಣದರ ಹಿಂದೆ ದೊಡ್ಡದು.

ಡೈವರ್ ಬೆನ್ನಿಗಿರುವುದು ಆಕ್ಸಿಜನ್ ಸಿಲಿಂಡರ್ ಎಂದು ಬಹಳ ಮಂದಿ ನಂಬಿದ್ದಾರೆ. ಅದರಲ್ಲಿರುವುದು ನಾವೆಲ್ಲ ಉಸಿರಾಡುವ ಗಾಳಿಯೇ, ಸುಮಾರು 200 ಪಟ್ಟು ಒತ್ತಡದಲ್ಲಿ ಅದುಮಿ ತುಂಬಿದ್ದು. ಶುದ್ಧ ಆಕ್ಸಿಜನ್ ಆದರೆ ಆರು ಮೀಟರ್ ಆಳಕ್ಕೆ ಇಳಿಯುವಷ್ಟರಲ್ಲಿ ನರಮಂಡಲಕ್ಕೆ ವಿಷವಾಗತೊಡಗಿ ಸೆಳವು ಬರಿಸಬಲ್ಲದು. ಸಿಲಿಂಡರಿನ ಬದಲು ಉದ್ದದ ಕೊಳವೆಯ ತುದಿಯನ್ನು ನೀರಿನ ಮೇಲೆ ಬಿಟ್ಟು ಉಸಿರೆಳೆದರೆ ಆಗದೇ? ಆಗದು. ಒಂದು ಮೀಟರ್ ಆಳದಲ್ಲೇ ನೀರು ಎದೆಯನ್ನು ಹೊರಗಿನಿಂದ ಅದುಮುತ್ತಿರುತ್ತದೆ, ಮೇಲಿನ ಗಾಳಿಗೆ ಅದನ್ನು ಎದುರಿಸುವ ಶಕ್ತಿಯಿಲ್ಲ. ಡೈವರ್ ಇರುವ ಆಳದ ಒತ್ತಡದಲ್ಲೇ ಅವನಿಗೆ ಗಾಳಿ ಬೇಕು.

ಆ ಕೆಲಸ ರೆಗ್ಯುಲೇಟರಿನದು. ಸಿಲಿಂಡರಿನ ಬಾಯಲ್ಲಿರುವ ಭಾಗ 200 ಪಟ್ಟಿನ ಒತ್ತಡವನ್ನು, ಸುತ್ತಲಿನ ನೀರಿನದಕ್ಕಿಂತ ಮೇಲ್ಮೈ ಗಾಳಿಯ ಹತ್ತು ಪಟ್ಟಿನಷ್ಟು ಮಾತ್ರ ಹೆಚ್ಚಿರುವಂತೆ ತಗ್ಗಿಸುತ್ತದೆ. ಬಾಯಲ್ಲಿ ಕಚ್ಚುವ ಭಾಗದೊಳಗೆ ತೆಳ್ಳನೆಯ ರಬ್ಬರ್ ಪೊರೆ. ಅದರ ಒಂದು ಮೈಗೆ ಕಡಲು, ಇನ್ನೊಂದು ಮೈಗೆ ನಮ್ಮ ಉಸಿರು. ಉಸಿರೆಳೆದಾಗ ಒಳಗಿನ ಒತ್ತಡ ತುಸು ಇಳಿಯುತ್ತದೆ. ಕಡಲು ಪೊರೆಯನ್ನು ಒಳಕ್ಕೆ ತಳ್ಳುತ್ತದೆ, ಪೊರೆ ಸನ್ನೆಯನ್ನು ಒತ್ತುತ್ತದೆ, ಕವಾಟ ತೆರೆದು ಗಾಳಿ ಬರುತ್ತದೆ. ಎರಡೂ ಬದಿ ಸಮವಾದೊಡನೆ ಮುಚ್ಚುತ್ತದೆ. ಬ್ಯಾಟರಿಯಿಲ್ಲ, ಮೋಟಾರಿಲ್ಲ. ಆಳವನ್ನು ಅಳೆದು ಅದಕ್ಕೆ ತಕ್ಕ ಉಸಿರು ಕೊಡುವ ಕೆಲಸವನ್ನು ನೀರೇ ಮಾಡುತ್ತದೆ. ಇಷ್ಟು ಸರಳವಾಗಿ ಇಷ್ಟು ದೊಡ್ಡ ಕೆಲಸ ಮಾಡುವ ಯಂತ್ರಗಳು ಕಡಿಮೆ. ಫ್ರಾನ್ಸಿನಲ್ಲಿ ಎಮಿಲ್ ಗನ್ಯಾ ಮತ್ತು ಝಾಕ್ ಕುಸ್ತೋ 1943ರಲ್ಲಿ ಇದನ್ನು ರೂಪಿಸಿದರು. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಕಾರುಗಳನ್ನು ಗ್ಯಾಸ್‌ನಲ್ಲಿ ಓಡಿಸಲು ಗನ್ಯಾ ಸಿದ್ಧಪಡಿಸಿದ್ದ ಕವಾಟವೇ ಇದಕ್ಕೆ ಮೂಲ.

ಆಳ ಕಡಿಮೆಯಿದ್ದರೆ ಅಪಾಯವೂ ಕಡಿಮೆ ಎಂಬ ಭಾವನೆ ಮಾತ್ರ ತಪ್ಪು. ಮೂವತ್ತು ಮೀಟರಿನಿಂದ ಇಪ್ಪತ್ತಕ್ಕೆ ಬಂದಾಗ ಗಾಳಿ ಮೂರನೇ ಒಂದು ಪಾಲು ಹಿಗ್ಗುತ್ತದೆ. ಹತ್ತರಿಂದ ಮೇಲ್ಮೈಗೆ ಬರುವಾಗ ಎರಡು ಪಟ್ಟಾಗುತ್ತದೆ. ಹೆದರಿ ಉಸಿರು ಬಿಗಿಹಿಡಿದು ಮೇಲೆ ಚಿಮ್ಮಿದರೆ ಶ್ವಾಸಕೋಶವೇ ಹರಿಯಬಹುದು. ಉಸಿರು ಕಟ್ಟಬಾರದು ಎಂಬುದು ಡೈವಿಂಗಿನ ಮೊದಲ ಪಾಠವಾಗಿರುವುದು ಇದಕ್ಕೇ. ಹಡಗಿನ ಬಳಿ ತುಕ್ಕು ಹಿಡಿದ ಹರಿತ ಅಂಚುಗಳು, ಸಿಕ್ಕಿಬಿದ್ದ ಮೀನು ಬಲೆಗಳು, ಅಲೆಯ ಹೊಯ್ದಾಟ ಬೇರೆ. ಒಳಗಿನ ಕೋಣೆಯಲ್ಲಿ ಕಾಲು ಬಡಿದರೆ ಹೂಳು ಎದ್ದು ಬಾಗಿಲೇ ಕಾಣದಾಗುತ್ತದೆ. ಪ್ರತ್ಯೇಕ ತರಬೇತಿ, ಹಿಂತಿರುಗುವ ದಾರಿಗೆ ಹಗ್ಗ ಇಲ್ಲದೆ ಹಡಗಿನೊಳಗೆ ಹೋಗಲೇಬಾರದು.

ಇನ್ನು ಮಲೆನಾಡಿನವರಿಗೆ ಮುಖ್ಯವಾದ ವಿಷಯ. ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ನೈಟ್ರೋಜನ್. ಒತ್ತಡ ಹೆಚ್ಚಿದ್ದಾಗ ಅದು ರಕ್ತದಲ್ಲಿ, ಕೊಬ್ಬಿನಲ್ಲಿ ಹೆಚ್ಚು ಕರಗುತ್ತದೆ. ಮೇಲೆ ಬಂದ ಬಳಿಕ ನಿಧಾನವಾಗಿ ಶ್ವಾಸಕೋಶದ ಮೂಲಕ ಹೊರಹೋಗುತ್ತದೆ. ಒತ್ತಡ ಏಕಾಏಕಿ ಇಳಿದರೆ ಗೋಲಿ ಸೋಡಾ ಒಡೆದಂತೆ ಒಳಗೇ ಗುಳ್ಳೆಗಳಾಗುತ್ತವೆ. ಅದಕ್ಕಾಗಿಯೇ ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ವೇಗವಾಗಿ ಏರಬೇಡಿ, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಿ ಎನ್ನುತ್ತಾರೆ. ಆದರೆ ದೋಣಿ ಹತ್ತಿದ ಮೇಲೂ ಗಂಟೆಗಟ್ಟಲೆ ದೇಹದಲ್ಲಿ ಹೆಚ್ಚುವರಿ ನೈಟ್ರೋಜನ್ ಇದ್ದೇ ಇರುತ್ತದೆ. ಅದೇ ಸಂಜೆ ಕಾರಿನಲ್ಲಿ ಶಿರಾಡಿ ಹತ್ತಿದರೆ ಒತ್ತಡ ಮತ್ತೆ ನೂರಕ್ಕೆ ಹತ್ತು ಪಾಲು ಇಳಿಯುತ್ತದೆ. ವಿಮಾನ ಹತ್ತುವ ಮೊದಲು ಒಂದೇ ಸಲ ಮುಳುಗಿದವರು 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ಕಾಯಬೇಕೆಂದು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಲಹೆ ಕೊಡುತ್ತದೆ. ಅದು 610ರಿಂದ 2,438 ಮೀಟರ್ ಎತ್ತರದ ಒತ್ತಡಕ್ಕೆ ಹೇಳಿದ ಮಾತು. ಸಕಲೇಶಪುರ, ಆಲೂರು ಎರಡೂ ಆ ಮಿತಿಯೊಳಗೇ ಬರುತ್ತವೆ. ವಿಮಾನವಿರಲಿ, ಕಾರಿರಲಿ, ರೈಲಿರಲಿ, ದೇಹಕ್ಕೆ ಎತ್ತರ ಒಂದೇ.

ಹೇಮಾವತಿ ಹಿನ್ನೀರಿನಲ್ಲಿ ಮುಳುಗಿದರೆ ಈ ತೊಂದರೆಯಿಲ್ಲ ಎನ್ನುವಂತೆಯೂ ಇಲ್ಲ. ಗೊರೂರಿನಲ್ಲಿರುವ ಆ ಜಲಾಶಯದ ಪೂರ್ಣ ಮಟ್ಟವೇ 2,922 ಅಡಿ. ಅಲ್ಲಿ 18 ಮೀಟರ್ ಇಳಿದು ಮೇಲೆ ಬಂದರೆ, ಗುಳ್ಳೆಗಳ ಲೆಕ್ಕದಲ್ಲಿ ಕಡಲಿನ 20 ಮೀಟರಿಗೆ ಸಮ. ಸಮುದ್ರಮಟ್ಟದ ಕೋಷ್ಟಕಗಳನ್ನು ಅಲ್ಲಿ ಹಾಗೆಯೇ ಬಳಸುವಂತಿಲ್ಲ.

ಮುಳುಗಿ ಬಂದ ದಿನ ಭುಜ, ಮೊಣಕೈಗಳಲ್ಲಿ ಆಳವಾದ ನೋವು, ಚರ್ಮದಲ್ಲಿ ತುರಿಕೆ, ಕೈಕಾಲು ಜೋಮು, ತಲೆಸುತ್ತು ಕಂಡರೆ ಸಿಲಿಂಡರ್ ಹೊತ್ತ ಆಯಾಸವೆಂದು ಮಲಗಬೇಡಿ. ಘಾಟಿಯ ನಡುವೆ ಇದ್ದರೆ ಮುಂದೆ ಹತ್ತದೆ ಕೆಳಗಿಳಿಯಿರಿ. ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದದ್ದು ಎಷ್ಟು ಆಳಕ್ಕೆ, ಎಷ್ಟು ಹೊತ್ತಿಗೆ ಮುಳುಗಿದ್ದಿರಿ ಎಂಬುದನ್ನು. ಶುದ್ಧ ಆಕ್ಸಿಜನ್ ಆಗ ಔಷಧಿ. ಮುಂದಿನ ಚಿಕಿತ್ಸೆ ಒತ್ತಡದ ಕೋಣೆಯಲ್ಲಿ, ಒತ್ತಡವನ್ನು ಮತ್ತೆ ಏರಿಸಿ ಗಂಟೆಗಳ ಕಾಲ ನಿಧಾನವಾಗಿ ಇಳಿಸುವುದು.