ನಮ್ಮ ಕಾಶಿವಾ: ಕುದುರೆ ಕಾವಲಿನಿಂದ ಕ್ಯಾಂಪಸ್‌ವರೆಗೆ

ಟೋಕಿಯೊದಿಂದ ಸುಮಾರು 30 ಕಿ.ಮೀ. ದೂರದ ಕಾಶಿವಾ ಅಂದ್ರೆ ನಮಗೆಲ್ಲ ಲ್ಯಾಬು, ರೈಲು, ರೂಮು ಅಷ್ಟೇ. ಆದರೆ ನಾವು ದಿನಾ ಓಡಾಡುವ ಈ ನೆಲ ಒಂದು ಕಾಲಕ್ಕೆ ಕುದುರೆ ಮೇಯುವ ಕಾವಲಾಗಿತ್ತು.

ಉತ್ತರದ ಅಂಚಿಗೆ ತೋನೆ ನದಿ, ಇನ್ನೊಂದೆಡೆ ತೆಗಾ ಸರೋವರ, ನಡುವೆ ಎತ್ತರದ ಬಯಲು. ತೊಕುಗಾವಾ ದೊರೆಗಳು ಈ ಬಯಲಲ್ಲಿ ಕುದುರೆ ಸಾಕಿಸಿದರು. ನಮ್ಮ ಕುಣಿಗಲ್ ಫಾರಂ ನೆನಪಿಸಿಕೊಳ್ಳಿ. 1868ರಲ್ಲಿ ಅವರ ಆಳ್ವಿಕೆ ಮುಗಿದು ಟೋಕಿಯೊದಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡಾಗ, ಹೊಸ ಸರ್ಕಾರ ಅವರನ್ನು ಬೇಸಾಯಕ್ಕೆಂದು ಇಂಥ ಕಾವಲುಗಳಿಗೆ ಕಳಿಸಿತು. ನೇಗಿಲು ಹಿಡಿದು ಗೊತ್ತಿಲ್ಲದವರು, ಒಣನೆಲ. ತಾಳಲಾರದೆ ಎಷ್ಟೋ ಮಂದಿ ಬಿಟ್ಟುಹೋದರು.

ಆ ಹೊಸ ಹಳ್ಳಿಗಳಿಗೆ ಹೆಸರಿಟ್ಟದ್ದು ಸರದಿ ಸಂಖ್ಯೆಯ ಮೇಲೆ. ತೊಯೊಶಿಕಿಯಲ್ಲಿ ನಾಲ್ಕು ಅಡಗಿದೆ. ಕ್ಯಾಂಪಸ್ ಪಕ್ಕದ ತೊಯೊಫುತಾದ ಅಕ್ಷರ ಬಿಡಿಸಿ ಓದಿದರೆ ‘ಹತ್ತರ ಮೇಲೆ ಎರಡು’, ಅಂದ್ರೆ ಹನ್ನೆರಡನೇ ಹಳ್ಳಿ!

1938ರಲ್ಲಿ ಇಲ್ಲಿ ಸೇನಾ ವಿಮಾನ ನಿಲ್ದಾಣ ಬಂತು. ಯುದ್ಧದ ನಂತರ ಜಾಗ ಅಮೆರಿಕನ್ನರ ಸಂಪರ್ಕ ನೆಲೆಯಾಗಿ, 1979ರಲ್ಲಿ ಪೂರ್ತಿ ಮರಳಿತು. ಟೋಕಿಯೊ ವಿಶ್ವವಿದ್ಯಾಲಯದ ಕ್ಯಾಂಪಸ್ ನಿಂತಿರುವುದು ಅದೇ ನೆಲದ ಮೇಲೆ.

ಕಾಶಿವಾ 1954ರಲ್ಲಿ ನಗರವಾಯಿತು. 2005ರಲ್ಲಿ ಪಕ್ಕದ ಶೋನನ್ ಪಟ್ಟಣವೂ ಇದರೊಳಗೆ ಸೇರಿತು. ಅದರೊಂದಿಗೆ ಹಿಗಾಶಿ-ಕಾತ್ಸುಶಿಕಾ ಎಂಬ ಹಳೆಯ ಗ್ರಾಮೀಣ ಜಿಲ್ಲೆ ನಕ್ಷೆಯಿಂದಲೇ ಅಳಿಸಿಹೋಯಿತು. ಅದೇ ವರ್ಷ ತ್ಸುಕುಬಾ ಎಕ್ಸ್‌ಪ್ರೆಸ್ ಓಡತೊಡಗಿತು. 2020ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 4.26 ಲಕ್ಷ.

ಜಿಲ್ಲೆ ಹೋಯ್ತು, ಕುದುರೆಯೂ ಹೋಯ್ತು. ಪರವೂರಿಂದ ಬಂದು ನೆಲ ಅಗೆದವರ ಎಣಿಕೆ ಮಾತ್ರ ಬಸ್ ಬೋರ್ಡುಗಳಲ್ಲಿ ಉಳಿದಿದೆ. ಹೊಸದಾಗಿ ಬರುವ ಗೆಳೆಯರೇ, ಅದನ್ನೊಮ್ಮೆ ನಿಂತು ಓದಿ.