ರಜೆಗೆ ಊರಿಗೆ ಬರುವ ಮಕ್ಕಳು ಮತ್ತು ನಮ್ಮ ಬಾವಿಯ ನೀರು

ಗಲ್ಫ್‌ನ ಭಾರತೀಯ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಜುಲೈ, ಆಗಸ್ಟ್‌ನಲ್ಲಿ. ಅಲ್ಲಿ ಸುಡುಬಿಸಿಲು, ನಮ್ಮ ಕರಾವಳಿಯಲ್ಲಿ ಆಟಿಯ ಜಡಿಮಳೆ. ಬಾವಿಯ ನೀರು ಕೆಂಪಗೆ ಕಲಕಿರುತ್ತದೆ, ಅಂಗಳದ ಚಿಪ್ಪು, ಟಯರುಗಳಲ್ಲಿ ನೀರು ನಿಂತು ಸೊಳ್ಳೆ ಹುಟ್ಟುತ್ತಿರುತ್ತದೆ. ಆದರೆ ಕುಟುಂಬದವರೆಲ್ಲ ಒಟ್ಟಿಗೆ ಸಿಗುವ ಕಾಲವೂ ಅದೇ. ನಿಕಾಹ್, ಮೆಹಂದಿ, ಮನೆ ಒಕ್ಕಲು ಎಲ್ಲವನ್ನೂ ಆ ಒಂದೂವರೆ ತಿಂಗಳಲ್ಲೇ ಇಟ್ಟುಕೊಳ್ಳುತ್ತೇವೆ. ದಿನಕ್ಕೆ ಮೂರು ಮನೆಯ ಆತಿಥ್ಯ ಸ್ವೀಕರಿಸಿದ ಮಕ್ಕಳನ್ನು ನಾಲ್ಕನೆಯ ದಿನ ನನ್ನ ಕ್ಲಿನಿಕ್ಕಿಗೆ ಎತ್ತಿಕೊಂಡು ಬರುತ್ತಾರೆ.

ಇದನ್ನು ಬರೆಯಲು ಕಾರಣ ನಮ್ಮ ಮನೆಯಲ್ಲೇ ಇದೆ. ಕೆಲವು ವರ್ಷಗಳ ಹಿಂದೆ ನನ್ನ ತಂಗಿ ದಮ್ಮಾಮ್‌ನಿಂದ ಮಕ್ಕಳೊಂದಿಗೆ ಬಂದಿದ್ದಳು. ವಿಮಾನ ನಿಲ್ದಾಣದಿಂದ ಬರುವಾಗಲೇ ಕಾರಿನಲ್ಲಿ ಎರಡು ಪೆಟ್ಟಿಗೆ ಬಾಟಲಿ ನೀರು. ನಮ್ಮ ಉಮ್ಮನಿಗೆ ಬೇಸರವಾಯಿತು. “ಇದೇ ಬಾವಿ ನೀರು ಕುಡಿದು ಬೆಳೆದವಳಲ್ವಾ ನೀನು?” ಎಂದರು. ನಾನೂ ನಕ್ಕು, “ನಾಲ್ಕು ದಿನ ಕುಡಿದರೆ ಅಭ್ಯಾಸ ಆಗ್ತದೆ ಬಿಡು” ಎಂದೆ. ವೈದ್ಯನಾಗಿ ನಾನು ಆಡಬಾರದಿದ್ದ ಮಾತು ಅದು. ತಂಗಿ ಬಾಟಲಿಗಳನ್ನು ಬದಿಗಿಟ್ಟಳು. ಅವರು ವಾಪಸು ಹೋಗಿ ಮೂರು ವಾರ ಆಗಿರಬೇಕು, ಒಂಬತ್ತು ವರ್ಷದ ಮಗಳಿಗೆ ಊಟ ಸೇರದು, ವಾಂತಿ, ಮೂತ್ರ ಕಡು ಚಹಾದ ಬಣ್ಣ. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ‘ಎ’ ಎಂದು ಗೊತ್ತಾಯಿತು. ಮಗು ಗುಣವಾಯಿತು, ಅಲ್‌ಹಮ್ದುಲಿಲ್ಲಾಹ್. ರೋಗ ಹಿಡಿದದ್ದು ನಮ್ಮ ಬಾವಿಯಿಂದಲೋ, ಅವಳು ಉಂಡ ಹತ್ತಾರು ಮನೆಗಳಲ್ಲಿ ಯಾವುದರಿಂದಲೋ ಹೇಳಲಾಗದು. ಆದರೆ ಆ ಬಾಟಲಿ ಬದಿಗಿಡಿಸಿದವನು ನಾನು.

“ನಾವೆಲ್ಲ ಕುಡಿದು ಬೆಳೆದಿಲ್ಲವೇ” ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಅದು ಮೋಸ ಮಾಡುತ್ತದೆ. ಹೆಪಟೈಟಿಸ್ ‘ಎ’ ವೈರಸ್ ಕಲುಷಿತ ನೀರು, ಆಹಾರದಿಂದ ಹರಡುತ್ತದೆ. ನಮ್ಮ ತಲೆಮಾರಿನ ಹೆಚ್ಚಿನವರಿಗೆ ಅದು ತೀರಾ ಚಿಕ್ಕಂದಿನಲ್ಲೇ ಬಂದು ಹೋಗಿದೆ. ಸಣ್ಣ ಮಕ್ಕಳಲ್ಲಿ ಅನೇಕ ಸಲ ಕಣ್ಣು ಹಳದಿಯಾಗುವುದೂ ಇಲ್ಲ, ಒಂದೆರಡು ದಿನದ ಜ್ವರವೆಂದು ಮನೆಯವರು ಮರೆತುಬಿಡುತ್ತಾರೆ. ಒಮ್ಮೆ ಬಂದರೆ ಅದರ ವಿರುದ್ಧದ ಶಕ್ತಿ ಜೀವನಪೂರ್ತಿ ಉಳಿಯುತ್ತದೆ. ತಂಗಿಯ ಬಳಿ ಅದು ಇತ್ತು, ದಮ್ಮಾಮ್‌ನಲ್ಲಿ ಶುದ್ಧೀಕರಿಸಿದ ನೀರು ಕುಡಿದು ಬೆಳೆದ ಮಗಳ ಬಳಿ ಇರಲಿಲ್ಲ. ತಾಯಿಯ ಊರು ಮಗುವಿಗೂ ಊರೇ, ಆದರೆ ಅದರ ಹೊಟ್ಟೆಗೆ ಅದು ಪರವೂರು. ವಯಸ್ಸು ಹೆಚ್ಚಿದಂತೆ ಈ ರೋಗದ ತೀವ್ರತೆಯೂ ಹೆಚ್ಚು. ಹಾಗಾಗಿ ಹದಿನಾರು, ಹದಿನೆಂಟರ ಮಕ್ಕಳ ಬಗ್ಗೆ ಇನ್ನಷ್ಟು ಎಚ್ಚರ ಬೇಕು.

ಟೈಫಾಯ್ಡ್‌ನ ವಿಷಯದಲ್ಲಿ ಈ ಅರ್ಧ ಸತ್ಯವೂ ಇಲ್ಲ. ಅದು ಒಮ್ಮೆ ಬಂದವರಿಗೆ ಮತ್ತೆ ಬರಬಹುದು. ಮಲೇರಿಯಾ ವಿರುದ್ಧ ದೇಹ ಗಳಿಸಿದ ಅಲ್ಪಸ್ವಲ್ಪ ಶಕ್ತಿ ಕೂಡ ಕೆಲವು ವರ್ಷ ದೂರವಿದ್ದರೆ ಕರಗಿಹೋಗುತ್ತದೆ. ಹೋಟೆಲಿನಲ್ಲಿ ತಂಗುವ ಪ್ರವಾಸಿ ಎಚ್ಚರದಿಂದಿರುತ್ತಾನೆ. ಸ್ವಂತ ಮನೆಗೆ ಬಂದವರು ಆ ಎಚ್ಚರವನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರುತ್ತಾರೆ.

ನಮ್ಮ ಯುನಾನಿ ವೈದ್ಯರಿಗೆ ಇದು ಹೊಸ ಪಾಠವೇನಲ್ಲ. ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ಪ್ರಯಾಣಿಕರ ಪಾಲನೆಗೆಂದೇ ಪ್ರತ್ಯೇಕ ಭಾಗ ಬರೆದಿದ್ದಾರೆ. ಊಟ ಬದಲಾಗುವುದಕ್ಕಿಂತ ನೀರು ಬದಲಾಗುವುದೇ ಪ್ರಯಾಣಿಕನನ್ನು ಹೆಚ್ಚು ಕಾಯಿಲೆಗೆ ಬೀಳಿಸುತ್ತದೆ, ನೀರನ್ನು ಸೋಸಬೇಕು, ಕುದಿಸಬೇಕು ಎಂಬುದು ಅದರಲ್ಲಿನ ತಿಳುವಳಿಕೆ. ಸೂಕ್ಷ್ಮಾಣುಗಳ ಸುದ್ದಿಯೇ ಇಲ್ಲದ ಕಾಲದ ಮಾತಿದು. ಕಾಲೇಜಿನಲ್ಲಿ ಇದನ್ನು ಓದಿ ಪರೀಕ್ಷೆ ಪಾಸಾದ ನಾನೇ ಮನೆಯಲ್ಲಿ ಮರೆತೆ.

ಇಲ್ಲಿ ಅತಿಥಿಗಿಂತ ಆತಿಥ್ಯ ನೀಡುವ ಮನೆಯ ಜವಾಬ್ದಾರಿ ದೊಡ್ಡದು. ಬಂದ ಸೊಸೆ “ಮಾಮಿ, ನೀರು ಕುದಿಸಿದ್ದಾ?” ಎಂದು ಕೇಳಲಾರಳು. ಕೇಳಿದರೆ ಜಂಬ ಎನ್ನುತ್ತಾರೆ. ಆದ್ದರಿಂದ ಕೇಳುವ ಮೊದಲೇ ನೀವು ಕುದಿಸಿಡಿ. ಸುಲಭದ ದಾರಿ ಜೀರಿಗೆ ನೀರು. ಅದರ ಬಣ್ಣ ನೋಡಿದ ಕೂಡಲೇ ಕುದಿಸಿದ್ದೆಂದು ಎಲ್ಲರಿಗೂ ಗೊತ್ತಾಗುತ್ತದೆ. ಬರೀ ಹಬೆ ಬಂದರೆ ಸಾಲದು, ಗುಳ್ಳೆಗಳು ಉಕ್ಕಿ ಕೊತಕೊತನೆ ಒಂದು ನಿಮಿಷವಾದರೂ ಕುದಿಯಬೇಕು. ಅದೇ ಪಾತ್ರೆಯಲ್ಲಿ ಮುಚ್ಚಿ ತಣಿಸಿ. ಮದುವೆ ಮನೆಗಳಲ್ಲಿ ನಾನು ಕಾಣುವ ದೊಡ್ಡ ತಪ್ಪೆಂದರೆ ಕುದಿಯುವ ಜೀರಿಗೆ ನೀರಿಗೆ ನಳ್ಳಿಯ ತಣ್ಣೀರು ಬೆರೆಸಿ ಬಡಿಸುವುದು. ಕುದಿಸಿದ ಶ್ರಮವೆಲ್ಲ ಅಲ್ಲಿಗೆ ವ್ಯರ್ಥ. ಶರಬತ್ತಿಗೆ ಹಾಕುವ ಐಸ್ ಕೂಡ ಯಾವುದೋ ನೀರಿನದೇ. ಬಿಸಿಬಿಸಿ ಬಿರಿಯಾನಿಗಿಂತ ಅದರ ಬದಿಯಲ್ಲಿರುವ ಹಸಿ ಈರುಳ್ಳಿ, ಸೌತೆಕಾಯಿಯ ಬಗ್ಗೆ ನನಗೆ ಹೆಚ್ಚು ಭಯ. ಎಳನೀರನ್ನು ಕಣ್ಣೆದುರೇ ಕೆತ್ತಿಸಿ ಕುಡಿಸಬಹುದು. ಇನ್ನೊಂದು ವಿಷಯ, ವುಝೂ ಮಾಡುವಾಗ ಬಾಯಿ ಮುಕ್ಕಳಿಸಿದ ನೀರನ್ನು ನುಂಗದೆ ಉಗುಳಲು ಚಿಕ್ಕ ಮಕ್ಕಳಿಗೆ ಕಲಿಸಿ. ಹಲ್ಲುಜ್ಜುವಾಗಲೂ ಅಷ್ಟೇ.

ಹೊರಡುವವರು ಟಿಕೆಟ್ ಮಾಡುವಾಗಲೇ ಮಕ್ಕಳ ಲಸಿಕೆ ಪುಸ್ತಕ ತೆರೆದು ನೋಡಲಿ. ಟೈಫಾಯ್ಡ್ ಕಾಂಜುಗೇಟ್ ಲಸಿಕೆಯನ್ನು ಆರು ತಿಂಗಳ ಮಗುವಿನಿಂದಲೇ ಕೊಡಬಹುದು, ಹೆಪಟೈಟಿಸ್ ‘ಎ’ ಲಸಿಕೆಯನ್ನು ಸಾಮಾನ್ಯವಾಗಿ ಒಂದು ವರ್ಷ ತುಂಬಿದ ಮೇಲೆ. ಎರಡನ್ನೂ ಪ್ರಯಾಣಕ್ಕೆ ಕನಿಷ್ಠ ಎರಡು ವಾರ ಮೊದಲೇ ಕೊಡಿಸಿ. ಗರ್ಭಿಣಿಯರು ಬರುವುದಾದರೆ ನೀರಿನ ವಿಷಯದಲ್ಲಿ ಯಾವ ಸಡಿಲಿಕೆಯೂ ಬೇಡ. ನೀರಿನಿಂದಲೇ ಹರಡುವ ಹೆಪಟೈಟಿಸ್ ‘ಇ’ ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿಯ ಪ್ರಾಣಕ್ಕೇ ಎರವಾಗಬಲ್ಲದು.

ಭೇದಿ ಶುರುವಾದರೆ ಮೊದಲ ಔಷಧಿ ಓಆರ್‌ಎಸ್. ದೊಡ್ಡ ಪೊಟ್ಟಣವಾದರೆ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು, ಲೋಟಕ್ಕೆ ಚಿಟಿಕೆ ಚಿಟಿಕೆಯಾಗಿ ಅಲ್ಲ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ವಾಂತಿಯಿದ್ದರೆ ಚಮಚ ಚಮಚವಾಗಿ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ. ಭೇದಿಯನ್ನು ಗಕ್ಕನೆ ನಿಲ್ಲಿಸುವ ಮಾತ್ರೆಯನ್ನು ಮಕ್ಕಳಿಗೆ ಕೊಡಲೇಬೇಡಿ. ಮಲದಲ್ಲಿ ರಕ್ತ, ಕಣ್ಣು ಒಳಸೇರುವುದು, ಆರೇಳು ಗಂಟೆ ಮೂತ್ರವಿಲ್ಲದಿರುವುದು, ಮಗು ಮಂಕಾಗುವುದು ಕಂಡರೆ ನನ್ನಂಥವರ ಕ್ಲಿನಿಕ್ಕಿನಲ್ಲಿ ಸಾಲು ನಿಲ್ಲದೆ ನೇರ ಆಸ್ಪತ್ರೆಗೆ ಹೋಗಿ.

ಡೆಂಗಿ ಸೊಳ್ಳೆ ಹಗಲು ಕಚ್ಚುತ್ತದೆ, ಮಲೇರಿಯಾದ್ದು ರಾತ್ರಿ. ಮಂಗಳೂರಿನವರಿಗೆ ಎರಡರ ಪರಿಚಯವೂ ಇದೆ. ತುಂಬುತೋಳಿನ ಅಂಗಿ, ಸೊಳ್ಳೆಪರದೆ ಬಿಟ್ಟರೆ ಸುಲಭೋಪಾಯವಿಲ್ಲ. ಗಲ್ಫ್‌ನಿಂದ ಬರುವವರ ಬ್ಯಾಗಿನಲ್ಲಿ ಜ್ವರಕ್ಕೆಂದು ಐಬುಪ್ರೊಫೆನ್ ಸಿರಪ್ ಇರುತ್ತದೆ. ಡೆಂಗಿಯಾಗಿದ್ದರೆ ಅದು ರಕ್ತಸ್ರಾವವನ್ನು ಹೆಚ್ಚಿಸಬಹುದು. ಮಳೆಗಾಲದ ಜ್ವರಕ್ಕೆ ತೂಕಕ್ಕೆ ತಕ್ಕಷ್ಟು ಪ್ಯಾರಸಿಟಮಾಲ್ ಮಾತ್ರ ಸಾಕು, ಜೊತೆಗೆ ರಕ್ತ ಪರೀಕ್ಷೆ. ಜ್ವರದ ಕಾರಣ ತಿಳಿಯದೆ ಕಷಾಯ, ಜೋಶಾಂದ ಕುಡಿಸುತ್ತ ದಿನ ದೂಡಬೇಡಿ ಎಂದು ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ.

ಮನೆಯ ಬೆಕ್ಕನ್ನು ಕಂಡರೆ ಹೊರಗಿನಿಂದ ಬಂದ ಮಕ್ಕಳಿಗೆ ಎಲ್ಲಿಲ್ಲದ ಖುಷಿ. ಪರಚಿದರೆ ಬೈಯುತ್ತಾರೆಂದು ಮುಚ್ಚಿಡುತ್ತವೆ. ಬೈಯುವುದಿಲ್ಲವೆಂದು ಮೊದಲೇ ಹೇಳಿಡಿ. ಬೆಕ್ಕಾಗಲಿ ನಾಯಿಯಾಗಲಿ ಕಚ್ಚಿದ, ಪರಚಿದ ಜಾಗವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಕಾಫಿ ಪುಡಿ ಏನೂ ಬೇಡ. ಅದೇ ದಿನ ರೇಬಿಸ್ ಲಸಿಕೆ ಆರಂಭಿಸಿ. ರಜೆ ಮುಗಿದು ವಿಮಾನ ಹತ್ತುವ ದಿನ ಬಂದರೆ ಉಳಿದ ಡೋಸ್‌ಗಳನ್ನು ಅಲ್ಲಿ ಪೂರ್ಣಗೊಳಿಸಲು ಚೀಟಿ ಬರೆಸಿಕೊಂಡು ಹೋಗಿ.

ವಾಪಸಾದ ಮೇಲೆಯೂ ಕಥೆ ಮುಗಿಯುವುದಿಲ್ಲ. ಡೆಂಗಿ ಹೆಚ್ಚಾಗಿ ಹತ್ತು ದಿನದೊಳಗೆ ತೋರಿಸಿಕೊಳ್ಳುತ್ತದೆ, ಟೈಫಾಯ್ಡ್‌ಗೆ ಒಂದು ತಿಂಗಳವರೆಗೆ ಬೇಕಾಗಬಹುದು, ಹೆಪಟೈಟಿಸ್ ‘ಎ’ 50 ದಿನಗಳವರೆಗೂ ಅಡಗಿರಬಹುದು. ವೈವ್ಯಾಕ್ಸ್ ಮಲೇರಿಯಾ ತಿಂಗಳುಗಳ ನಂತರವೂ ತಲೆಯೆತ್ತುತ್ತದೆ. ಜ್ವರ ಬಂದಾಗ ಅಲ್ಲಿನ ವೈದ್ಯರು ಕೇಳದಿದ್ದರೂ “ನಾವು ಊರಿಗೆ ಹೋಗಿ ಇಂಥ ದಿನ ಬಂದೆವು” ಎಂದು ಮೊದಲು ಹೇಳಿ. ನನ್ನ ತಂಗಿ ಹಾಗೆ ಹೇಳಿದ್ದರಿಂದಲೇ ಮೊದಲ ದಿನವೇ ಸರಿಯಾದ ಪರೀಕ್ಷೆ ನಡೆಯಿತು.

ಎರಡು ವರ್ಷ ಬಿಟ್ಟು ಅವಳು ಮತ್ತೆ ಬಂದಳು, ಈ ಸಲ ಬಾಟಲಿ ಇರಲಿಲ್ಲ. ಉಮ್ಮ ಬೆಳಗ್ಗೆ ಸುಬಹಿ ನಮಾಝ್ ಮುಗಿಸಿ ದೊಡ್ಡ ಪಾತ್ರೆಯಲ್ಲಿ ಜೀರಿಗೆ ನೀರು ಒಲೆಗೇರಿಸಿ, ಗಡಿಯಾರ ನೋಡುತ್ತಾ ಪಕ್ಕದಲ್ಲೇ ನಿಂತಿದ್ದರು.