ಕಕ್ಕಡದ ಮಳೆಗಾಲಕ್ಕೊಂದು ದಾಳದಾಟ

ಕೊಡಗಿನಲ್ಲಿ ಕಕ್ಕಡ ಮಾಸವೆಂದರೆ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮಳೆಯದೇ ದೊರೆತನ. ಸಂಜೆಯಾದೊಡನೆ ಮನೆಮಂದಿಯೂ ನೆಂಟರೂ ಒಳಗೆ ಒಟ್ಟುಗೂಡುವರು. ಆಗ ಹೊತ್ತು ಕಳೆಯಲು ಚೌಕಾಬಾರವೂ ಪಗಡೆಯೂ ನಮ್ಮ ನಾಡಿನವರಿಗೆ ಹೊಸತಲ್ಲ. ಅವುಗಳಲ್ಲಿ ಬಿದ್ದ ಗರವು ಎಲ್ಲರಿಗೂ ಕಾಣುವುದು; ನಾವು ಇಲ್ಲಿ ಹೇಳಹೊರಟ ಆಟದಲ್ಲಿಯಾದರೋ ಗರವನ್ನು ಮುಚ್ಚಿಟ್ಟು ಮಾತನ್ನು ನಡೆಸಬೇಕು. ಪೆರು, ಚಿಲಿ ದೇಶಗಳಲ್ಲಿ ಇದರ ಒಂದು ಬಗೆಯನ್ನು ‘ದೂದೊ’ ಎನ್ನುವರು. ಸ್ಪೇನಿನ ಭಾಷೆಯಲ್ಲಿ ಅದಕ್ಕೆ ‘ನನಗೆ ಸಂಶಯ’ ಎಂದರ್ಥ.

ಒಬ್ಬೊಬ್ಬರಿಗೆ ಆರು ಮುಖದ 5 ದಾಳಗಳೂ ಒಂದು ಹಿತ್ತಾಳೆಯ ಲೋಟವೂ ಸಾಕು. ಎಲ್ಲರೂ ಏಕಕಾಲದಲ್ಲಿ ದಾಳಗಳನ್ನು ಕುಲುಕಿ, ಲೋಟವನ್ನು ಬೋರಲು ಹಾಕಿ, ತಮ್ಮವನ್ನು ಮಾತ್ರ ಗುಟ್ಟಾಗಿ ನೋಡಿಕೊಳ್ಳತಕ್ಕದ್ದು. ಮೊದಲಿನವನು, ‘ಎಲ್ಲ ಲೋಟಗಳಡಿಯಲ್ಲಿ ನಾಲ್ಕರ ಮುಖ ಮೂರಾದರೂ ಉಂಟು’ ಎಂಬಂತೆ ಒಂದು ಮಾತನ್ನು ಹೇಳುವನು. ಮುಂದಿನವನು ಎಣಿಕೆಯನ್ನು ಏರಿಸಬೇಕು. ಇಲ್ಲವೆ ಅದೇ ಎಣಿಕೆಗೆ ಹೆಚ್ಚಿನ ಮುಖವನ್ನು ಹೇಳಬೇಕು. ಎರಡೂ ಒಲ್ಲದಿದ್ದರೆ ‘ಸುಳ್ಳು’ ಎನ್ನಬೇಕು. ಆಗ ಲೋಟಗಳನ್ನೆಲ್ಲ ಎತ್ತಿ ಎಣಿಸುವುದು. ಮಾತು ನಿಜವಾದರೆ ಸಂಶಯಪಟ್ಟವನೂ, ಸುಳ್ಳಾದರೆ ಹೇಳಿದವನೂ ಒಂದು ದಾಳವನ್ನು ಕಳೆದುಕೊಳ್ಳುವನು. ಸೋತವನೇ ಮುಂದಿನ ಸುತ್ತನ್ನು ಆರಂಭಿಸುವನು. ದಾಳ ತೀರಿದವನು ಆಟದಿಂದ ಹೊರಗೆ, ಕೊನೆಗುಳಿದವನೇ ಗೆದ್ದವನು.

ಇದರಲ್ಲಿ ಲೆಕ್ಕವೂ ಉಂಟು. ನಾಲ್ವರು ಆಡುವಾಗ ದಾಳಗಳು 20. ನಮ್ಮಲ್ಲಿ ಐದರ ಮುಖ ಎರಡು ಬಿದ್ದಿವೆಯೆನ್ನೋಣ. ಕಾಣದ 15 ದಾಳಗಳಲ್ಲಿ ಯಾವ ಮುಖವಾದರೂ ಸರಾಸರಿ ಎರಡೂವರೆ ಬೀಳುವುದು. ಆದುದರಿಂದ ‘ಐದರ ಮುಖ ನಾಲ್ಕು’ ಎಂದರೆ ನೂರಕ್ಕೆ ಸುಮಾರು 74 ಸಲ ನಿಜ. ‘ಐದು’ ಎಂದರೆ ಸುಮಾರು 47 ಸಲ ಮಾತ್ರ. ಒಂದೇ ಮೆಟ್ಟಿಲಿನ ಅಂತರದಲ್ಲಿ ಧೈರ್ಯವು ದುಡುಕಾಗುವುದು. ಅಲ್ಲದೆ, ಸದಾ ಸುಳ್ಳಾಡುವವನ ಮಾತನ್ನು ಎರಡು ಸುತ್ತಿನಲ್ಲಿಯೇ ಯಾರೂ ನಂಬರು. ಬಹುಮಟ್ಟಿಗೆ ನಿಜ ನುಡಿದು ಸಮಯ ನೋಡಿ ಮರೆಮಾಚುವವನೇ ಗೆಲ್ಲುವನು.

ಮಕ್ಕಳಿಗೆ ಸುಳ್ಳು ಕಲಿಸಿದಂತಾಗದೆ ಎಂದು ಗೃಹಿಣಿಯರು ಕೇಳಬಹುದು. ಎಲ್ಲರೂ ಮೊದಲೇ ಒಪ್ಪಿಕೊಂಡ ಕಪಟವು ಯಾರಿಗೂ ಮೋಸವಲ್ಲ. ನೋಡಿದ ದಾಳವನ್ನು ಗುಟ್ಟಾಗಿ ತಿರುಗಿಸುವುದು ಮಾತ್ರ ಮೋಸವೇ ಸರಿ. ಈ ಭೇದವನ್ನು ಮಕ್ಕಳಿಗೆ ಆಟದ ಮೊದಲೇ ತಿಳಿಸಿಡುವುದು ಲೇಸು. ಹಣದ ಪಣವಂತೂ ಸರ್ವಥಾ ಕೂಡದು. ಧರ್ಮರಾಯನಂಥವನೂ ಜೂಜಿನಲ್ಲಿ ರಾಜ್ಯವನ್ನೂ ತಮ್ಮಂದಿರನ್ನೂ ಮಡದಿಯನ್ನೂ ಒಡ್ಡಿ ಸೋತನಲ್ಲವೆ? ಇಲ್ಲಿ ಕಳೆದುಕೊಳ್ಳಲು ದಾಳಗಳೇ ಇರುವುದರಿಂದ ಬೇರೆ ಪಣವೇ ಬೇಡ. ಲೆಕ್ಕವಿಡಬೇಕೆಂದಿದ್ದರೆ ಗೆದ್ದವರ ಮುಂದೆ ಒಂದೊಂದು ಕಾಫಿಬೀಜವನ್ನಿಟ್ಟರೆ ಸಾಕು.